ಉತ್ತರ ಧ್ರುವಕ್ಕೆ ಅತ್ತೆಯ ಅಪ್ಪಣೆ

ನನ್ನ ಗಂಡನಿಗೆ ಕಲ್ಲಿನ ಹುಚ್ಚು. ನಮ್ಮ ಸೀಮೆ ಇನ್ನೂ ಮದರಾಸಿಗೆ ಸೇರಿದ್ದ ಕಾಲ ಅದು. ಅಲ್ಲಿನ ಕಾಲೇಜಿನಲ್ಲಿ ಅವರು ಓದಿದ್ದೂ ಕಲ್ಲನ್ನೇ. ಹೊಸಪೇಟೆಗೆ ಬಂದರೆ ಸುತ್ತಿಗೆ ಹಿಡಿದು ಸಂಡೂರು ಗುಡ್ಡ ಹತ್ತುವುದು, ಕೆಂಪು ಮಣ್ಣು ಮೆತ್ತಿಕೊಂಡು ಬರುವುದು, ತಂದ ಕಲ್ಲನ್ನೆಲ್ಲ ಪಡಸಾಲೆಯಲ್ಲಿ ಹರವುವುದು. ಆ ಪಂಚೆಗಳನ್ನು ಕಾಲುವೆಯಲ್ಲಿ ಎಷ್ಟು ಒಗೆದರೂ ಕೆಂಪು ಬಿಡುತ್ತಿರಲಿಲ್ಲ. ಕಸ ಗುಡಿಸುವಾಗ ಒಂದು ಕಲ್ಲು ಸರಿಸಿದರೂ ಮುಖ ಊದಿಸುತ್ತಿದ್ದರು. ಹಾಗಾಗಿ ಅವರು ದೂರ ಹೋಗುವ ಮಾತು ಬಂದಾಗ ನನಗೆ ದುಃಖವೇನೂ ಆಗಲಿಲ್ಲ. ಹೋಗಿಬರಲಿ, ಒಮ್ಮೆ ನೆಲ ನೆಟ್ಟಗೆ ಸಾರಿಸಬಹುದು ಅಂದುಕೊಂಡೆ.

ಅವರಿಗೆ ಕಲಿಸಿದ ಬಿಳಿ ಮೇಷ್ಟ್ರು ತಮ್ಮ ದೇಶದ ವಿಶ್ವವಿದ್ಯಾಲಯದ ಹುಡುಗರನ್ನು ಕಟ್ಟಿಕೊಂಡು ಹಿಮದ ನಾಡಿಗೆ ಕಲ್ಲು ನೋಡಲು ಹೊರಟಿದ್ದರು. ಇವರನ್ನೂ ಕರೆದಿದ್ದರು. ಊರಾಚೆಯ ಬಂಗಲೆಯಲ್ಲಿ ಇಳಿದುಕೊಂಡು ಇವರ ಉತ್ತರಕ್ಕೆ ಕಾಯುತ್ತಿದ್ದರು. ಮಾವ ತೀರಿಕೊಂಡಿದ್ದರು, ಮನೆಯಲ್ಲಿ ಅತ್ತೆಯ ಮಾತೇ ಮಾತು. ಆಕೆ ಒಲ್ಲೆ ಅಂದರೆ ಇವರು ಹೊಸಿಲು ದಾಟುವವರಲ್ಲ. ಅದಕ್ಕೇ ಊಟಕ್ಕೆ ಕೂತಾಗ, ಅನ್ನ ಕಲಸುತ್ತ, ತಲೆ ಎತ್ತದೆ ಹೇಳಿದರು.

"ಅಮ್ಮಾ, ಉತ್ತರ ಧ್ರುವದ ಕಡೆ ಹೋಗೋದದ."

ಅತ್ತೆ ಸೌಟು ಹಿಡಿದು ಹಾಗೇ ನಿಂತರು. "ಧ್ರುವನ ಕಡೆಗೇನೋ?"

"ಹೂಂ... ಧ್ರುವದ ಕಡೆಗೆ."

"ಧ್ರುವಗ ಗುಡಿ ಅದ ಅಂತ ನನಗ ಗೊತ್ತೇ ಇರಲಿಲ್ಲ ನೋಡು! ನಮ್ಮ ಮನ್ಯಾಗ ಕಾಶಿ ದಾಟಿ ಹೋದೋರಿಲ್ಲ. ಹೋಗಪ್ಪ, ಜಲ್ದಿ ಹೋಗು!"

ಆಕೆಗೆ ಧ್ರುವ ಅಂದರೆ ಒಬ್ಬನೇ. ಮಲತಾಯಿ ಅಪ್ಪನ ತೊಡೆಯಿಂದ ಇಳಿಸಿದಳೆಂದು ಕಾಡಿಗೆ ಹೋಗಿ, ತಪಸ್ಸು ಮಾಡಿ, ಹರಿಯನ್ನು ಒಲಿಸಿಕೊಂಡು, ಆಕಾಶದಲ್ಲಿ ನಕ್ಷತ್ರವಾಗಿ ನಿಂತ ಐದು ವರ್ಷದ ಹುಡುಗ. ಭೂಮಿಯ ತುದಿಗೂ ಅದೇ ಹೆಸರಿಟ್ಟಿದ್ದಾರೆಂದು ಆಕೆಗೆ ಯಾರು ಹೇಳಬೇಕು? ಇವರಂತೂ ಬಾಯಿ ಬಿಡದೆ ಮಜ್ಜಿಗೆ ಅನ್ನ ಉಂಡು ಎದ್ದರು.

ಸಂಜೆಯೊಳಗೆ ಕೇರಿಗೆಲ್ಲ ಸುದ್ದಿ. ಎದುರು ಮನೆಯಾಕೆ ತುಳಸಿ ಮಾಲೆ ಕಟ್ಟಿಕೊಡುತ್ತೇನೆ ಅಂದಳು. ಕಂಪ್ಲಿಯಿಂದ ಬಂದಿದ್ದ ನಾದಿನಿ ತಾನು ತಂದ ಬೆಲ್ಲವನ್ನು ಧ್ರುವನ ನೈವೇದ್ಯಕ್ಕೆಂದು ಎತ್ತಿಟ್ಟಳು. ಅತ್ತೆಯಂತೂ ಮಾವನ ಹಳೆಯ ರೇಷ್ಮೆ ಪಂಚೆ ಹರಿದು, ಐದು ವರ್ಷದವನ ಅಳತೆಗೆ ಪುಟ್ಟ ಪಂಚೆ ಹೊಲಿಯಲು ಕೂತರು.

"ಪಾಪ, ಕೂಸು. ದೊಡ್ಡೋರ ಪಂಚಿ ಕೊಟ್ರ ಎಡವಿ ಬಿದ್ದೀತು."

ನಾನು ಹಿತ್ತಲಲ್ಲಿ ಇವರನ್ನು ಹಿಡಿದು ಕೇಳಿದೆ. "ನಿಜ ಹೇಳ್ರಿ, ಅಲ್ಲಿ ಗುಡಿ ಅದನೋ ಇಲ್ಲೋ?"

"ಗುಡಿ ಇಲ್ಲ, ಗಿಡ ಇಲ್ಲ. ಬರೇ ಬರ್ಫು. ಅದರ ನಡುವ ಕಲ್ಲು."

"ಹೋಗೋದು ಹ್ಯಾಂಗ?"

"ಹಡಗಿನ್ಯಾಗ. ಸಮುದ್ರ ದಾಟಿ."

"ಅತ್ತಿಯವರಿಗೆ ಹೇಳ್ರಿ ಮತ್ತ."

"ಸಮುದ್ರ ಅಂದ್ರ ಬಿಡ್ತಾಳೇನು? ಹೆಂಗೂ ಹೋಗು ಅಂದಾಳ. ನೀ ಸುಮ್ಮನಿರು."

ನನಗೆ ಸುಮ್ಮನಿರಲು ಬರುವುದಿಲ್ಲ. ಇವತ್ತಿಗೂ ಬಂದಿಲ್ಲ. ಇಲ್ಲದ ಕೂಸಿಗೆ ಆಕೆ ಕಣ್ಣು ಕಿರಿದು ಮಾಡಿಕೊಂಡು ಹೊಲಿಗೆ ಹಾಕುತ್ತಿದ್ದರು. ಮುಂದೆ ನಿಜ ಗೊತ್ತಾದರೆ ಬೈಗುಳ ಬೀಳುವುದು ಸೊಸೆಯ ತಲೆಗೇ. ನೇರ ಹೋಗಿ ಹೇಳಿದೆ.

"ಅತ್ತೀ, ಅಲ್ಲಿ ಗುಡಿಗಿಡಿ ಏನಿಲ್ಲರಿ. ಬರ್ಫ್ ಅದ ಅಂತ. ಸಮುದ್ರ ದಾಟಬೇಕಂತ."

ಸೂಜಿ ನಿಂತಿತು. ಬರ್ಫನ್ನು ಆಕೆಯೂ ಕಂಡವರಲ್ಲ, ನಾನೂ ಕಂಡವಳಲ್ಲ. ಸಮುದ್ರದ ವಿಷಯ ಮಾತ್ರ ಇಬ್ಬರಿಗೂ ಗೊತ್ತಿತ್ತು. ಸಮುದ್ರ ದಾಟಿದವನಿಗೆ ನಮ್ಮ ಜನ ಪಂಕ್ತಿಯಲ್ಲಿ ಎಲೆ ಹಾಕುತ್ತಿರಲಿಲ್ಲ.

"ಕರಿ ಅವನ್ನ" ಅಂದರು.

ಇವರು ಬಂದು ಕಂಬಕ್ಕೆ ಒರಗಿ ನಿಂತರು. ನನ್ನ ಕಡೆ ನೋಡಿದ ನೋಟಕ್ಕೆ ಹಾಲು ಒಡೆಯಬೇಕು.

"ಗುಡಿ ಇಲ್ಲಂತ?"

"ಇಲ್ಲಮ್ಮ."

"ಮತ್ಯಾಕ ಧ್ರುವ ಅಂತ ಹೆಸರಿಟ್ಟಾರ?"

"ಧ್ರುವ ನಕ್ಷತ್ರ ಅಲ್ಲಿ ನೆತ್ತಿ ಮ್ಯಾಲ ಇರ್ತದ. ಅದಕ್ಕ."

ಅತ್ತೆಯ ಮುಖ ತುಸು ಸಡಿಲಾಯಿತು. "ಹಂಗಾರ ಗುಡಿ ಇಲ್ದಿದ್ರೂ ಅವ ಅಂತೂ ಇದ್ದಾನ. ದಿನಾ ನೋಡಿ ಕೈ ಮುಗೀತೀಯೋ ಇಲ್ಲೋ?"

ಅಲ್ಲೊಂದು ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಇವರು ತಲೆ ಕೆರೆದುಕೊಂಡರು. "ನಾವು ಹೋಗೋದು ಬ್ಯಾಸಗ್ಯಾಗಮ್ಮ. ಆವಾಗ ಅಲ್ಲಿ ಹೊತ್ತು ಮುಳುಗಂಗೇ ಇಲ್ಲ. ರಾತ್ರಿ ಇಲ್ಲಂದ ಮ್ಯಾಲ ನಕ್ಷತ್ರ ಹೆಂಗ ಕಾಣಬೇಕು?"

"ಅಂದ್ರ, ಧ್ರುವನ ಬುಡಕ್ಕೇ ಹೋಗಿ ಧ್ರುವನ್ನ ನೋಡದ ಬರ್ತೀಯಾ?"

"ಹೌದು."

"ನಾ ಇಲ್ಲೇ ಮಾಳಿಗಿ ಮ್ಯಾಲ ಕುಂತು ದಿನಾ ನೋಡ್ತೀನಲ್ಲೋ, ದಡ್ಡಾ!"

ಮೊದಲು ನಕ್ಕವಳು ನಾದಿನಿ. ಆಮೇಲೆ ನಾನು. ಅತ್ತೆ ಸೆರಗು ಬಾಯಿಗೆ ಒತ್ತಿ ತಡೆದು ತಡೆದು, ಕಡೆಗೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಗು ಇಳಿಯಿತು. ಆಗ ಇವರು ಬಾಯಿ ಬಿಟ್ಟು ಕೇಳಿದರು.

"ಅಮ್ಮಾ, ನನಗ ಭಾಳ ಆಸಿ ಅದ. ಹೋಗ್ಲಾ? ನೀ ಬ್ಯಾಡಂದ್ರ ಇಲ್ಲೇ ಇರ್ತೀನಿ."

ಅತ್ತೆ ಆ ಪುಟ್ಟ ಪಂಚೆಯನ್ನೇ ತಿರುವಿಹಾಕಿದರು.

"ಆ ಕೂಸು ಕಾಡಿಗೆ ಹೋಗ್ತೀನಿ ಅಂದಾಗ ಹಡದಾಕಿ ಬಾಗಲಾ ಹಾಕಿದ್ರ ಏನಾಗ್ತಿತ್ತು? ಅರಮನಿ ಮೂಲ್ಯಾಗ ಅಳಕೋತ ಕುಂದರತಿತ್ತು. ನಕ್ಷತ್ರ ಆಗ್ತಿತ್ತೇನು?" ಹಲ್ಲಿನಿಂದ ದಾರ ಕಡಿದು ಪಂಚೆಯನ್ನು ಇವರತ್ತ ಎಸೆದರು. "ತಗೋ, ಕಿವಿಗೆ ಸುತ್ಕೋ, ಥಂಡಿ ಹಿಡದೀತು. ಮಾಂಸ ಮುಟ್ಟಬ್ಯಾಡ. ಬಂದ ಮ್ಯಾಲ ಪಂಚಗವ್ಯ ಕುಡಸ್ತೀನಿ. ಉದ್ಧರಣೀಲೆ ಅಲ್ಲ, ಚೊಂಬಿಲೆ!"

ಮರುದಿನದಿಂದ ಹುರಿದ ಅವಲಕ್ಕಿ, ಚಟ್ನಿಪುಡಿ, ಶೇಂಗಾ ಉಂಡಿ. ಇವರ ಪೆಟ್ಟಿಗೆಯಲ್ಲಿ ಬಟ್ಟೆಗೆ ಜಾಗ ಉಳಿಯಲಿಲ್ಲ.

ಹೊರಡುವ ದಿನ ಕೇರಿಯೇ ಸ್ಟೇಷನ್ನಿಗೆ ಬಂತು. ನಿಜ ಗೊತ್ತಿದ್ದದ್ದು ನಮ್ಮ ಮನೆಯವರಿಗೆ ಮಾತ್ರ. ಎದುರು ಮನೆಯಾಕೆ ಇವರ ಕೊರಳಿಗೆ ಮಾಲೆ ಹಾಕಿ ಕಾಲಿಗೆ ಬಿದ್ದಳು. ಅವಳನ್ನು ನೋಡಿ ಉಳಿದವರೂ ಬಿದ್ದರು. ಬಿಳಿ ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು. ಒಬ್ಬ ಮುದುಕ ಅವರನ್ನೂ ಬಿಡಲಿಲ್ಲ. ಇದೇ ಇಲ್ಲಿನ ರೂಢಿ ಇರಬೇಕು ಅಂದುಕೊಂಡರೋ ಏನೋ, ಮೇಷ್ಟ್ರು ಟೋಪಿ ತೆಗೆದು ಬಗ್ಗಿ ಮುದುಕನ ಕಾಲು ಮುಟ್ಟಿದರು.

"ಅತ್ತೀ, ನಿಜ ಹೇಳಿಬಿಡ್ಲೇನ್ರಿ?" ಅಂದೆ.

"ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೋ, ಪುಣ್ಯಾತಗಿತ್ತಿ. ಧ್ರುವನ ದಿಕ್ಕಿಗೇ ಹೊಂಟಾನಲ್ಲ, ಸುಳ್ಳೇನದ?"

ಗಾಡಿ ಸೀಟಿ ಹಾಕಿತು. ಜನರೆಲ್ಲ ಉತ್ತರಕ್ಕೆ ಮುಖ ಮಾಡಿ ಕೈ ಮುಗಿದು "ಗೋವಿಂದಾ" ಅಂದರು. ಗಾಡಿ ಮುಂಬಯಿಯ ಹಡಗು ಹಿಡಿಯಲು ಗದಗಿನ ಕಡೆ, ಪಡುವಣಕ್ಕೆ ಹೊರಟಿತು. ನಾನು ಬಾಯಿ ಬಿಡಲಿಲ್ಲ.