ಹೊಸಬರ ಹದ, ಹಳಬರ ಹದ

ಅಭಿನಂದನ ಗ್ರಂಥಕ್ಕೆ ಬರೆಯೋರು ಸಾಮಾನ್ಯವಾಗಿ 'ತಮ್ಮ ಕ್ಷೇತ್ರದಲ್ಲಿ ಹೆಜ್ಜೆಗುರುತು ಮೂಡಿಸಿದವರು' ಅಂತಲೇ ಶುರು ಮಾಡ್ತಾರೆ. ಆ ಕ್ಷೇತ್ರ ಎಲ್ಲಿದೆ ಅಂತ ಹುಡುಕಿಕೊಂಡು ಹೋದರೆ ಒಂದು ಕುರ್ಚಿ, ಒಂದು ಮೇಜು ಬಿಟ್ಟು ಇನ್ನೇನೂ ಸಿಗಲ್ಲ. ಶ್ರೀಮತಿ ಅನುಸೂಯಮ್ಮನವರ ವಿಷಯದಲ್ಲಿ ಮಾತ್ರ ಕ್ಷೇತ್ರ ಅಂದ್ರೆ ಕ್ಷೇತ್ರಾನೇ. ಗುದ್ದಲಿ ಹಾಕಿದರೆ ಮಣ್ಣು ಬರುತ್ತೆ, ಹೆಜ್ಜೆ ಇಟ್ಟರೆ ಗುರುತು ಬೀಳುತ್ತೆ, ಮಳೆಗಾಲದಲ್ಲಿ ಜಾಸ್ತಿ ಹೊತ್ತು ನಿಂತರೆ ಚಪ್ಪಲಿ ಅಲ್ಲೇ ಉಳಿಯುತ್ತೆ. ಬೆಂಗಳೂರಿನ ಅಂಚಿನ ಊರುಗಳಲ್ಲಿ ತೋಟಗಾರಿಕೆ ಇಲಾಖೆ ಅಂದ್ರೆ ಜನಕ್ಕೆ ಕಚೇರಿಯ ಬೋರ್ಡು ನೆನಪಾಗ್ತಿರಲಿಲ್ಲ, ಈ ಅಮ್ಮ ನೆನಪಾಗ್ತಿದ್ದರು.

ಅವರು ಬೇಗೂರಿನ ಒಕ್ಕಲುಮನೆಯ ಮಗಳು. ಇಲಾಖೆಗೆ ಸೇರಿದ ಹೊಸದರಲ್ಲಿ ಅವರ ಕೆಲಸ ಹೆಬ್ಬಗೋಡಿ, ವರ್ತೂರಿನ ಕಡೆ ಊರೂರು ತಿರುಗೋದು. ಹೊಸೂರು ರಸ್ತೆ ಬಸ್ಸಲ್ಲಿ ಸಸಿಗಳನ್ನ ಮಡಿಲಲ್ಲಿಟ್ಟುಕೊಂಡು ಹೋಗೋರು. ಲಗೇಜ್ ಟಿಕೆಟ್ ತಗೊಳ್ಳಿ ಅಂತ ಕಂಡಕ್ಟರ್ ತಗಾದೆ ತೆಗೆದರೆ, ಮಡಿಲಲ್ಲಿರೋದನ್ನ ಯಾವ ಊರಲ್ಲಪ್ಪ ಲಗೇಜು ಅಂತಾರೆ ಅಂತ ಕೇಳಿ ಅವನ ಬಾಯಿ ಮುಚ್ಚಿಸೋರಂತೆ. ವೈಟ್‌ಫೀಲ್ಡಿನ ಮರಿಯಮ್ಮನವರು ಕಾಯಿ ಬಿಡದ ಸೀಬೆ ಮರ ಕಡಿಸೋಕೆ ಆಳು ಕರೆಸಿದ್ದಾಗ, ಅನುಸೂಯಮ್ಮ ಮರದ ಬುಡಕ್ಕೇ ನಿಂತು, ಒಂದು ವರ್ಷ ಈ ಮರಕ್ಕೆ ನಾನು ಜಾಮೀನು ಅಂದರು. ಮುಂದೆ ಪ್ರತಿ ಹಂಗಾಮಿನಲ್ಲೂ ಆ ಮರ ಒಂದು ಬುಟ್ಟಿ ಸೀಬೆ ಕಳಿಸಿ ಅವರ ಕಚೇರಿಯಲ್ಲಿ ರುಜು ಹಾಕ್ತಿತ್ತು.

ಎಂಬತ್ತರ ದಶಕದ ನಡುವೆ ಟಿವಿ ಕೇಂದ್ರದವರು ಅವರನ್ನ ಕರೆದರು. ವಾರಕ್ಕೊಮ್ಮೆ ಸಂಜೆ ತೋಟದ ಕಾರ್ಯಕ್ರಮ. ಹೆಸರು 'ಹಿತ್ತಿಲ ಬಾಗಿಲು'. ಸರ್ಕಾರಿ ನೌಕರರ ಬಾಯಲ್ಲಿ ಈ ಹೆಸರು ಚೆನ್ನಾಗಿ ಕೇಳಿಸಲ್ಲ ಅಂತ ನಾನು ಎಚ್ಚರಿಸಿದ್ದೆ. ಅವರು ನಕ್ಕು, ಬಾಗಿಲು ಯಾವುದಾದರೇನು, ಒಳಗೆ ಹೋಗೋದಕ್ಕಿಂತ ಜನರನ್ನ ಹೊರಗೆ ಕರೆಯೋದು ಮುಖ್ಯ ಅಂದರು. ನನ್ನದು ಸಂಭಾಷಣೆ ಬರೆಯೋ ಕೆಲಸ. ಮಾತು ನಂದು, ಮಣ್ಣು ಅವರದು. ಜನರ ಮನೆಯಲ್ಲಿದ್ದ ಸೆಟ್ಟುಗಳು ಬಹುಪಾಲು ಕಪ್ಪು-ಬಿಳುಪು, ಹಾಗಾಗಿ ನಾವು ನಡೆಸಿದ್ದು ಬೂದು ಬಣ್ಣದ ಹಸಿರು ಕ್ರಾಂತಿ.

ಕಷ್ಟ ಶುರುವಾಗಿದ್ದು ನೋಡೋರು ಎರಡು ಜಾತಿ ಅಂತ ಗೊತ್ತಾದಾಗ. ಒಂದು ಜಾತಿ ಹೊಸಬರು. ಊರಿಂದ ಬಂದು ಪೀಣ್ಯದ ಕಾರ್ಖಾನೆ ಸೇರಿ, ವಠಾರದ ಕಿಟಕೀಲಿ ಮೊದಲ ಗಿಡ ಇಟ್ಟೋರು. 'ಮಲ್ಲಿಗೆ ಕವಲೊಡೆಯಬೇಕಾದರೆ ವಾರಕ್ಕೊಮ್ಮೆ ಕುಡಿ ಚಿವುಟಿ' ಅಂತ ನಾವು ಹೇಳಿದರೆ, ಅಲ್ಲೊಬ್ಬ ಮಹಾಶಯ ಹೆಂಡತಿ ಮುಂದೆ, ಟಿವಿ ಮೇಡಮ್ಮೇ ವಾರಕ್ಕೊಮ್ಮೆ ಕುಡಿ ಅಂದವ್ರೆ ಅಂತ ವಾದ ಮಾಡಿದನಂತೆ. ಚಿವುಟೋ ಭಾಗ ಅವನ ಕಿವಿಗೆ ಬಿದ್ದಿರಲಿಲ್ಲ, ಆಮೇಲೆ ಹೆಂಡತಿ ಅದನ್ನ ಕೈಯಾರೆ ತಿಳಿಸಿಕೊಟ್ಟಳಂತೆ. ಇನ್ನೊಂದು ಜಾತಿ ಹಳಬರು. ವರ್ತೂರು ಕೆರೆ ಕೆಳಗೆ ತಲೆತಲಾಂತರದಿಂದ ಬೆಳೆ ತೆಗೆದೋರು. ಬೀಜ ನೆಟ್ಟರೆ ಮೊಳಕೆ ಬರುತ್ತೆ ಅಂತ ಹೇಳೋಕೆ ಇವರಿಗೆ ಟಿವಿ ಬೇಕಾ ಅಂತ ಅವರ ಮೂದಲಿಕೆ. ಹೊಸಬರಿಗೆ ಅರ್ಥ ಆಗಲ್ಲ, ಹಳಬರಿಗೆ ಅರ್ಥ ಇಲ್ಲ.

ಕೇಂದ್ರದ ನಿರ್ಮಾಪಕರಾದ ವೆಂಕಟರಮಣಪ್ಪನವರು ಕೊನೆಗೆ ತೀರ್ಮಾನ ಹೇಳಿಬಿಟ್ಟರು. "ಮೇಡಂ, ಬಾಲವಾಡಿಯೋರನ್ನೂ ಪಂಡಿತರನ್ನೂ ಒಂದೇ ಬೆಂಚಲ್ಲಿ ಕೂರಿಸೋಕಾಗಲ್ಲ. ಮುಂದಿನ ತಿಂಗಳಿಂದ ಬರೀ ಕುಂಡದ ಗಿಡ. ಹಳ್ಳಿಯೋರಿಗೆ ಕೃಷಿ ಕಾರ್ಯಕ್ರಮ ಹೆಂಗೂ ಇದೆ."

ಅನುಸೂಯಮ್ಮ ದನಿ ಏರಿಸೋರಲ್ಲ, ಇಳಿಸೋರೂ ಅಲ್ಲ. "ನೀರು ಹಾಕೋನ ಸರ್ವಿಸ್ ಎಷ್ಟು ಅಂತ ಗಿಡ ಕೇಳಲ್ಲ ಸಾರ್. ಒಂದು ಕಂತು ಕೊಡಿ. ಇಬ್ಬರನ್ನೂ ಒಂದೇ ಅಂಗಳದಲ್ಲಿ ನಿಲ್ಲಿಸ್ತೀನಿ. ಕೆಟ್ಟರೆ ನೀವು ಹೇಳಿದ ಹಾಗೇ ಆಗಲಿ."

ಅವರ ಹಟಕ್ಕೆ ಕಾರಣ ಇತ್ತು. ಸುತ್ತಲ ಊರುಗಳಲ್ಲಿ ಹೊಲದ ಬದಿಗೇ ಬಾಡಿಗೆ ಮನೆಗಳ ಸಾಲು ಏಳ್ತಿತ್ತು. ಗೋಡೆಯ ಈ ಕಡೆ ಮಣ್ಣು ಬಲ್ಲ ಮನೆ ಯಜಮಾನ, ಆ ಕಡೆ ಮಣ್ಣು ಮುಟ್ಟದ ಕಾರ್ಖಾನೆ ಕೆಲಸಗಾರ. ಬಾಡಿಗೆ ಕೇಳೋ ದಿನ ಬಿಟ್ಟರೆ ಇಬ್ಬರಿಗೂ ಮಾತಿಲ್ಲ. ಕಾರ್ಯಕ್ರಮವನ್ನೂ ಎರಡು ಭಾಗ ಮಾಡಿದರೆ ಆ ಗೋಡೆಗೆ ಇನ್ನೊಂದು ಸಾಲು ಇಟ್ಟಿಗೆ ನಾವೇ ಕಟ್ಟಿದ ಹಾಗಾಗುತ್ತೆ ಅಂತ ಅವರು ನನ್ನ ಹತ್ತಿರ ಹೇಳಿದ್ದರು.

ಚಿತ್ರೀಕರಣ ಪೀಣ್ಯದ ಒಂದು ವಠಾರದಲ್ಲಿ. ಹೊಸಬ ರಾಮಾಂಜಿನಪ್ಪ, ಕಾರ್ಖಾನೆಯ ಕುಲುಮೆ ವಿಭಾಗದಲ್ಲಿ ಉಕ್ಕು ಗಟ್ಟಿ ಮಾಡೋ ಕೆಲಸದವರು. ಹಳಬ ವರ್ತೂರಿನ ಚಿಕ್ಕಬೈರಪ್ಪ, ಗುಲಾಬಿ ಕಸಿ ಕಟ್ಟೋದರಲ್ಲಿ ಹೆಸರುವಾಸಿ. ಕೇಂದ್ರದ ವ್ಯಾನಿನಿಂದ ಇಳಿಯುವಾಗಲೇ ಅವರು, ಟೀವಿ ಕಡೆ ತಲೆ ಹಾಕ್ದೋನಲ್ಲ ನಾನು, ಅಮ್ಮ ಕರೆದರು ಅಂತ ಬಂದೆ ಅಂತ ಎಲ್ಲರಿಗೂ ಸಾರಿದರು.

ರಾಮಾಂಜಿನಪ್ಪ ಡಬ್ಬಗಳಲ್ಲಿ ಹಾಕಿದ್ದ ಮೆಣಸಿನ ಗಿಡ ಪೂರ್ತಿ ಸತ್ತಿದ್ದವು. ಏನು ಮಾಡಿದಿರಿ ಅಂತ ಅನುಸೂಯಮ್ಮ ಕೇಳಿದರು.

"ನೀವು ಹೇಳಿದ ಹಾಗೇ ಮಾಡಿದೀನಿ ಮೇಡಂ. ಹದ ನೋಡಿ ನೀರು ಹಾಕಿ ಅಂದ್ರಿ. ಉಕ್ಕಿಗೆ ಹದ ಹಾಕೋದೇ ನಮ್ಮ ಕೆಲಸ ಅಲ್ವಾ. ಮಧ್ಯಾಹ್ನದವರೆಗೂ ಚೆನ್ನಾಗಿ ಕಾಯೋಕೆ ಬಿಡೋದು, ಕಾದ ಮೇಲೆ ಒಂದೇಟಿಗೆ ತಣ್ಣೀರು."

ಚಿಕ್ಕಬೈರಪ್ಪ ಟವಲನ್ನ ಬಾಯಿಗೆ ಒತ್ತಿಕೊಂಡರು, ಆದರೂ ನಗು ಸೋರಿತು. "ಮೆಣಸಿನ್ ಗಿಡಕ್ಕೆ ಒಗ್ಗರಣೆ ಹಾಕವ್ನೆ ಕಣಮ್ಮ ಇವ್ನು."

ವಠಾರದೋರೆಲ್ಲ ನಕ್ಕರು. ರಾಮಾಂಜಿನಪ್ಪನ ಮುಖ ಸಣ್ಣಗಾಯ್ತು. ಕ್ಯಾಮೆರಾದವರು ನಿಲ್ಲಿಸೋಕೆ ಹೋದರೆ ಅನುಸೂಯಮ್ಮ ಕೈಸನ್ನೆಯಲ್ಲೇ ಬೇಡ ಅಂದು, ಚಿಕ್ಕಬೈರಪ್ಪನ ಕಡೆ ತಿರುಗಿದರು.

"ಸರಿ ಬೈರಪ್ಪಣ್ಣ, ಹದ ಅಂದ್ರೇನು, ನೀನು ಹೇಳು."

"ಹದ ಅಂದ್ರೆ... ಹದವಾಗಿರದು."

"ಅಂದ್ರೆ?"

"ಅದು ಕೈಗೆ ಗೊತ್ತಾಯ್ತದೆ ತಾಯಿ, ಬಾಯ್ಗೆ ಗೊತ್ತಾಗಕಿಲ್ಲ."

"ಹಂಗಾದ್ರೆ ಕೈಯಲ್ಲೇ ಹೇಳು."

ಚಿಕ್ಕಬೈರಪ್ಪ ಒಂದು ಹಿಡಿ ಮಣ್ಣು ತಗೊಂಡು ಒತ್ತಿ, ಮುಷ್ಟಿ ಬಿಚ್ಚಿದರು. ಉಂಡೆ ನಿಂತಿತ್ತು. ಹೆಬ್ಬೆರಳಲ್ಲಿ ಮೆಲ್ಲಗೆ ತಳ್ಳಿದರು, ಉದುರಿತು. ನಿಲ್ಲಲೂಬೇಕು, ತಳ್ಳಿದರೆ ಉದುರಲೂಬೇಕು, ಅಂಟಿಕೊಂಡರೆ ನೀರು ಹಾಕಬಾರದು ಅಂತ ಹೇಳ್ತಾ ಇನ್ನೊಂದು ಹಿಡಿಯನ್ನ ರಾಮಾಂಜಿನಪ್ಪನ ಅಂಗೈಗೆ ಹಾಕಿ, ಅವರ ಬೆರಳನ್ನ ತಾವೇ ಮಡಿಸಿದರು. ಬಾಯಿಗೆ ಗೊತ್ತಿಲ್ಲದ್ದು ಆ ಹೊತ್ತಿಗೆ ಬಾಯಿಗೂ ಬಂದಿತ್ತು.

ಆಮೇಲೆ ಅವರು ಕಸಿ ತೋರಿಸೋಕೆ ಚಾಕು ತೆಗೆದರು. ಗುಲಾಬಿ ಕಡ್ಡಿಯ ಸಿಪ್ಪೆ ಸೀಳಲಿಲ್ಲ, ಜಜ್ಜಿಹೋಯ್ತು. ಈ ವರ್ಷ ಕಸಿ ಹೇಗೆ ಹಿಡಿದಿದೆ ಅಂತ ಅನುಸೂಯಮ್ಮ ಕೇಳಿದ್ದಕ್ಕೆ ಅವರು ಮೆಲ್ಲಗೆ, ಒಂದೂ ಹಿಡೀತಿಲ್ಲ, ಕಸಿ ಕೂರಿಸೋ ಬೇರುಗಿಡದ ದೋಷ ಇರಬೇಕು ಅಂದರು. ಅನುಸೂಯಮ್ಮ ಆ ಚಾಕು ಇಸ್ಕೊಂಡು ರಾಮಾಂಜಿನಪ್ಪನ ಕೈಗೇ ಕೊಟ್ಟರು. ಅವರು ಅದನ್ನ ಬೆಳಕಿಗೆ ಹಿಡಿದು ತಿರುಗಿಸಿದರು.

"ಯಜಮಾನ್ರೇ, ಇದನ್ನ ಒಲೆಗೆ ಹಾಕಿದ್ರಾ? ಹದ ಸತ್ತೋಗಿದೆ. ನೋಡಿ ಇಲ್ಲಿ, ಬಣ್ಣ."

"ಬಣ್ಣ ಅಂದ್ರೆ ಸಾಲದಪ್ಪ," ಅಂದರು ಅನುಸೂಯಮ್ಮ. "ನೋಡೋರ ಟಿವಿಲಿ ಬಣ್ಣ ಇಲ್ಲ. ಯಾವ ಬಣ್ಣ, ಬಾಯಿಬಿಟ್ಟು ಹೇಳು."

"ನೀಲಿ ಮೇಡಂ. ಉಕ್ಕು ಅತಿಯಾಗಿ ಕಾದ್ರೆ ನೀಲಿ ತಿರುಗುತ್ತೆ. ಆಮೇಲೆ ಎಷ್ಟು ಮಸೆದ್ರೂ ಬಾಯಿ ನಿಲ್ಲಲ್ಲ."

ಚಿಕ್ಕಬೈರಪ್ಪ ಟವಲು ಸರಿಮಾಡಿಕೊಂಡರು. "ರೋಗ ಅಂಟದಂಗೆ ಚಾಕೂನ ಬೆಂಕಿಗೆ ತೋರಿಸಿ ಅಂದಿದ್ರಲ್ಲ."

"ಯಾರು ಅಂದಿದ್ದು?"

"ಟೀವಿಲಿ."

ವಾರವಾರವೂ ಪಂಚಾಯ್ತಿ ಕಚೇರಿಯ ಕಿಟಕಿ ಹೊರಗೆ ನಿಂತು ಅವರು ನಮ್ಮ ಕಾರ್ಯಕ್ರಮ ನೋಡ್ತಿದ್ದರು ಅನ್ನೋದು ಹೀಗೆ ಬಯಲಾಯ್ತು.

"ತೋರಿಸಿ ಅಂದ್ರೆ ತೋರಿಸಬೇಕು ಯಜಮಾನ್ರೇ," ಅಂದರು ರಾಮಾಂಜಿನಪ್ಪ, "ಬೇಯಿಸಬಾರದು." ಈ ಸಲ ಜೋರಾಗಿ ನಕ್ಕಿದ್ದು ಚಿಕ್ಕಬೈರಪ್ಪನೇ. ಇನ್ನೊಂದು ಚಾಕು ಮಾಡಿಕೊಡ್ತೀಯೇನೋ ಮಗಾ ಅಂತ ಅಲ್ಲೇ ವ್ಯವಹಾರವೂ ಕುದುರಿತು.

ಆಗ ಅನುಸೂಯಮ್ಮ ನಾನು ಬರೆದುಕೊಟ್ಟಿದ್ದ ಮುಕ್ತಾಯದ ಮಾತು ಮಡಿಸಿಟ್ಟು, ಕ್ಯಾಮೆರಾ ನೋಡಿ ಹೇಳಿದರು: "ಇವರಿಬ್ಬರೂ ನಾವು ಹೇಳಿದ್ದನ್ನೇ ಮಾಡಿದಾರೆ. ಅರ್ಧ ಹೇಳಿದ್ದು ನಾವು. ಇವತ್ತಿಂದ ಪೂರ್ತಿ ಹೇಳ್ತೀವಿ."

ವೆಂಕಟರಮಣಪ್ಪನವರು ಕೇಂದ್ರದ ಸಂಕಲನ ಕೋಣೆಯಲ್ಲಿ ಕೂತು ಕಂತು ನೋಡಿದರು. ಸತ್ತ ಮೆಣಸಿನ ಗಿಡ, ಕೆಟ್ಟ ಚಾಕು ಎರಡನ್ನೂ ಕತ್ತರಿಸೋಣ, ಕೇಂದ್ರದ ಮಾನ ಹೋಗುತ್ತೆ ಅಂದರು. ಹಾಗಾದ್ರೆ ಅವುಗಳ ಜೊತೆ ನನ್ನ ಹೆಸರನ್ನೂ ಕತ್ತರಿಸಿ ಅಂದರು ಅನುಸೂಯಮ್ಮ. ಅಲ್ಲೇ ಒಂದು ಕುರ್ಚಿ ಎಳೆದುಕೊಂಡು ಕೂತವರು ಅವತ್ತು ಸಂಜೆವರೆಗೂ ಏಳಲಿಲ್ಲ. ಕಂತು ಇದ್ದ ಹಾಗೇ ಪ್ರಸಾರ ಆಯ್ತು.

ದೂರುಗಳು ನಿಂತವು ಅಂತ ಬರೆದರೆ ಸುಳ್ಳಾಗುತ್ತೆ. ದೂರಿನ ದಿಕ್ಕು ಬದಲಾಯ್ತು. ಹಳಬರು ಹೊಸಬರನ್ನ ತಿದ್ದೋಕೆ ಶುರು ಮಾಡಿದರು, ಹೊಸಬರು ಯಾಕೆ ಹಾಗೆ ಅಂತ ತಿರುಗಿ ಕೇಳಿದರು, ಯಾಕೆ ಅನ್ನೋದಕ್ಕೆ ಉತ್ತರ ಹುಡುಕ್ತಾ ಹಳಬರು ತಾವೇ ಮೊದಲ ಸಲ ಯೋಚನೆ ಮಾಡಿದರು. ಪ್ರತಿ ವಾರ ಕಾರ್ಯಕ್ರಮ 'ಹೋದ ವಾರ ನಾವು ಬಿಟ್ಟಿದ್ದು' ಅಂತ ಆರಂಭ ಆಗ್ತಿತ್ತು. ಕಾರ್ಯಕ್ರಮ ಒಂದೇ ಆಗಿ ಉಳಿಯಿತು.

ಟಿವಿ ನೋಡಿ ತೋಟ ಮಾಡೋದು ಯಾರಿಗೆ ಒಗ್ಗುತ್ತೆ, ಹೊಸಬರಿಗೋ ಹಳಬರಿಗೋ ಅಂತ ನನ್ನನ್ನ ಈಗಲೂ ಕೇಳ್ತಾರೆ. ಟಿವಿ ಯಾರ ಅಂಗೈಗೂ ಹಿಡಿ ಮಣ್ಣು ಹಾಕಲ್ಲ. ಒಬ್ಬೊಬ್ಬರೇ ಕೂತು ನೋಡಿದರೆ ಇಬ್ಬರಿಗೂ ಅರ್ಧರ್ಧವೇ ಸಿಗೋದು. ಪಕ್ಕದ ಮನೆಯವರ ಜೊತೆ ಕೂತು, ನಡುವೆ ಜಗಳ ಆಡ್ಕೊಂಡು ನೋಡಿದರೆ ಇಬ್ಬರಿಗೂ ಒಗ್ಗುತ್ತೆ. ಇದನ್ನ ಅನುಸೂಯಮ್ಮನವರು ಭಾಷಣದಲ್ಲಿ ಹೇಳಲಿಲ್ಲ, ಅಂಗಳದಲ್ಲಿ ನಿಲ್ಲಿಸಿ ತೋರಿಸಿದರು.

ಈಗ ಅವರು ನಿವೃತ್ತರು. ಮೇಡಂ ಹೇಗೂ ಹೊರಡ್ತಿದಾರೆ, ಇನ್ನಾದರೂ ಕಾರ್ಯಕ್ರಮ ಎರಡು ಮಾಡೋಣ ಅಂತ ಬೀಳ್ಕೊಡುಗೆ ದಿನವೇ ಕೇಂದ್ರದಲ್ಲಿ ಗುಸುಗುಸು ಎದ್ದಿತ್ತು. ಹಾರ ಕೊರಳಲ್ಲಿರುವಾಗಲೇ ಅವರು ಎದ್ದು, "ನಿವೃತ್ತಿ ನಂದು, ಕಾರ್ಯಕ್ರಮದ್ದಲ್ಲ" ಅಂದರು. ಈಗಲೂ ವಾರವಾರ ಬರ್ತಿದಾರೆ, ಯಾವ ಹುದ್ದೆಯೂ ಇಲ್ಲದೆ, ಯಾರ ಅಪ್ಪಣೆಯನ್ನೂ ಕಾಯದೆ.

ಮೊನ್ನೆ ಬೇಗೂರಿನ ಮನೆ ಹಿಂದೆ ಒಂದು ಹಲಸಿನ ಸಸಿ ಹಾಕಿದಾರೆ. ಈ ವಯಸ್ಸಲ್ಲಿ ಬೇಗ ಹಣ್ಣು ಬಿಡೋ ಪರಂಗಿ ಹಾಕಬಾರದಿತ್ತಾ ಅಂತ ನಾನು ಕೇಳಿದೆ. ನನಗೇನೂ ಆತುರ ಇಲ್ಲಪ್ಪ ಅಂದರು. ಆತುರ ನಮಗೂ ಬೇಡ. ಆ ಮರದ ಮೊದಲ ಹಣ್ಣನ್ನ ಅವರೇ ಕೊಯ್ಯಲಿ, ಕೈಗೆ ಎಣ್ಣೆ ಸವರಿಕೊಂಡು ಅವರೇ ಬಿಡಿಸಲಿ, ಮೊದಲ ತೊಳೆ ಹಳಬರಿಗಾ ಹೊಸಬರಿಗಾ ಅಂತ ತಕರಾರು ಎದ್ದರೆ ತೀರ್ಮಾನ ಹೇಳೋಕೆ ಅವರೇ ಇರಲಿ.