ಎಡಗಡೆ ಉದುರಿದ ಅಕ್ಷರಗಳು

ವಿಜಯನಗರದ ವಕೀಲರೊಬ್ಬರ ಆಫೀಸಿನಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಟೈಪಿಸ್ಟು. ಹಳೆಯ ವಕೀಲರು ತೀರಿಕೊಂಡ ಮೇಲೆ ಅವರ ಮಗ ಒಂದು ದಿನ ನನ್ನನ್ನು ಒಳಗೆ ಕರೆದ. "ಮೇಡಂ, ತಪ್ಪು ಜಾಸ್ತಿ ಆಗ್ತಿದೆ. ಸ್ಪೀಡೂ ಇಲ್ಲ. ಇನ್ನೊಂದು ತಿಂಗಳು ನೋಡ್ತೀನಿ, ಆಮೇಲೆ ಬೇರೆಯವರನ್ನ ಇಟ್ಕೋಬೇಕಾಗುತ್ತೆ."

ಮೈಯೆಲ್ಲ ಉರಿದುಹೋಯಿತು. ಅವನು ಚಡ್ಡಿ ಹಾಕಿಕೊಂಡು ಅಲ್ಲಿ ಓಡಾಡುತ್ತಿದ್ದಾಗಲೇ ನಾನು ಅವನಪ್ಪನ ಅರ್ಜಿಗಳನ್ನು ಹೊಡೆದುಕೊಡುತ್ತಿದ್ದೆ. ಗಂಡ ಹೋದ ಮೇಲೆ ನಾನೂ ಮಗಳೂ ಉಂಡದ್ದು ಈ ಹತ್ತು ಬೆರಳಿನಿಂದಲೇ.

ಟೈಪಿಂಗ್ ಕಲಿತದ್ದು ರಾಜಾಜಿನಗರದ ಒಂದು ಇನ್‌ಸ್ಟಿಟ್ಯೂಟಿನಲ್ಲಿ. ಕೀಗಳನ್ನು ನೋಡಿಕೊಂಡು ಹೊಡೆಯುವವರ ಕೈಮೇಲೆ ನಮ್ಮ ಮೇಷ್ಟ್ರು ಟವೆಲ್ ಹೊದಿಸಿಬಿಡುತ್ತಿದ್ದರು. "ಕಣ್ಣು ಬೇಡ ಕಣಮ್ಮ, ಬೆರಳಿಗೆ ಗೊತ್ತಿರಬೇಕು" ಎನ್ನುತ್ತಿದ್ದರು. ಅಂಥ ಕಡೆ ಕಲಿತವಳಿಗೆ, ಸ್ಪೀಡು ವಾಪಸ್ ಬರಲೆಂದು ಮಗಳು ಲ್ಯಾಪ್‌ಟಾಪಿನಲ್ಲಿ ಮಕ್ಕಳಾಟ ಹಾಕಿಕೊಟ್ಟಳು. ಪರದೆಯ ಮೇಲಿನಿಂದ ಇಂಗ್ಲಿಷ್ ಅಕ್ಷರಗಳು ಉದುರುತ್ತವೆ, ನೆಲ ಮುಟ್ಟುವ ಮೊದಲು ಹೊಡೆಯಬೇಕು. ಬಿಟ್ಟರೆ ದಬ್ಬೆಂದು ಒಂದು ಮನೆ ಬೀಳುತ್ತದೆ.

ಮನೆಗಳು ಬೀಳುತ್ತಲೇ ಇದ್ದವು. ಆಟ ಮುಗಿದಾಗ ತಪ್ಪಿದ ಅಕ್ಷರಗಳ ಪಟ್ಟಿ ಬರುತ್ತಿತ್ತು. ಅದರಲ್ಲಿ ಎ ಮತ್ತು ಕ್ಯೂ ಕಂಡಿದ್ದೇ ತಡ, ಎಡಗೈ ಕಿರುಬೆರಳು ಸೋತಿದೆ ಎಂದು ತೀರ್ಮಾನಿಸಿದೆ. ಬೇರೆ ಅಕ್ಷರಗಳೂ ಇದ್ದವು, ತಲೆಗೆ ಹಾಕಿಕೊಳ್ಳಲಿಲ್ಲ. ಹರಳೆಣ್ಣೆ ಬಿಸಿ ಮಾಡಿ ಬೆರಳಿಗೆ ತಿಕ್ಕಿದೆ. ದಿನಾ ಬೆಳಿಗ್ಗೆ ಅಡುಗೆ ಮುಗಿಸಿ ಆಡಿದೆ. ಮೂರು ವಾರವಾದರೂ ಅಷ್ಟೇ.

ಒಂದು ಭಾನುವಾರ ಮಗಳು ಹಿಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಅಮ್ಮಾ, ಎಲ್ ಯಾವ ಕೈದು?"

"ಬಲಗೈದು. ಯಾಕೆ?"

"ಈಗ ನೀನು ಬಿಟ್ಟಿದ್ದು ಎಲ್. ಅದಕ್ಕೆ ಮುಂಚೆ ಪಿ. ಯಾವ ಅಕ್ಷರ ಆದ್ರೂ ಅಷ್ಟೇ, ಸ್ಕ್ರೀನಿನ ಎಡಗಡೆ ಬಿದ್ರೆ ಬಿಡ್ತೀಯ."

"ಬೆರಳು ಸೋತಿದೆ ಕಣೇ, ಸುಮ್ನಿರು" ಎಂದು ರೇಗಿದೆ.

ಅವಳು ಎದ್ದು ಪಕ್ಕಕ್ಕೆ ಬಂದಳು. "ನೇರ ಮುಂದೆ ನೋಡು. ಇದು ಎಷ್ಟು ಬೆರಳು?"

"ಯಾವುದು?" ಎಂದೆ.

ತಿರುಗಿ ನೋಡಿದರೆ ಅವಳ ಕೈ ನನ್ನ ಎಡಗೆನ್ನೆಯ ಪಕ್ಕದಲ್ಲೇ ಇತ್ತು. ನನಗೆ ಅಷ್ಟು ಭಯ ಹಿಂದೆಂದೂ ಆಗಿರಲಿಲ್ಲ.

ಗ್ಲಾಕೋಮಾ ಎಂದರು ಡಾಕ್ಟರು. ಎಡಗಣ್ಣು ಹೆಚ್ಚೂಕಡಿಮೆ ಹೋಗಿದೆ, ಬಲಗಣ್ಣಿನಲ್ಲೂ ಮೂಗಿನ ಕಡೆಯ, ಅಂದರೆ ಎಡಗಡೆಯ ನೋಟ ಹೋಗಿದೆ. "ಹೋಗಿದ್ದು ವಾಪಸ್ ಬರಲ್ಲಮ್ಮ. ಉಳಿದಿದ್ದಕ್ಕೆ ಡ್ರಾಪ್ಸ್ ಹಾಕೋಣ." ಎಷ್ಟು ದಿನ ಉಳಿಯುತ್ತದೆ ಎಂದು ಕೇಳಿದೆ. ಹೇಳಕ್ಕಾಗಲ್ಲ ಎಂದರು. ಕಾಮಾಕ್ಷಿಪಾಳ್ಯದ ಬಸ್ ಸ್ಟಾಪಿನಲ್ಲಿ ಎಡಗಡೆಯಿಂದ ಬಂದು ತಾಗಿದವರಿಗೆಲ್ಲ "ಕಣ್ಣು ಕಾಣಲ್ವಾ?" ಎಂದು ಬೈದಿದ್ದೆ. ಎಷ್ಟು ಜನಕ್ಕೆ ಬೈದಿದ್ದೇನೋ.

ವಕೀಲ ಕೊಟ್ಟ ತಿಂಗಳು ಮುಗಿಯಲು ಎರಡು ದಿನ ಇತ್ತು. ನಾನು ಟವೆಲ್ ತೆಗೆದುಕೊಂಡು ಕಣ್ಣಿಗೇ ಕಟ್ಟಿಕೊಂಡೆ. ಓದಿ ಹೇಳು ಎಂದೆ. ಮಗಳು ಹಳೆಯ ಅರ್ಜಿಯೊಂದನ್ನು ಓದಿದಳು, ನಾನು ಹೊಡೆದೆ. ಒಂದು ಪುಟ ಮುಗಿಯಿತು.

"ಒಂದೂ ತಪ್ಪಿಲ್ಲ ಕಣಮ್ಮ" ಎಂದಳು.

ನಿಜವೋ, ನನ್ನ ಸಮಾಧಾನಕ್ಕೆ ಹೇಳಿದಳೋ ತಿಳಿಯಲಿಲ್ಲ. ಬಿಚ್ಚಿ ನೋಡಬಹುದಿತ್ತು. ಇನ್ನು ಮುಂದೆ ಅವಳ ಮಾತನ್ನೇ ನಂಬಬೇಕಲ್ಲ, ಇಂದಿನಿಂದಲೇ ರೂಢಿಯಾಗಲಿ ಎಂದುಕೊಂಡು, "ಮುಂದಿನ ಪುಟ ಓದೇ" ಎಂದು ಗದರಿದೆ.