ಪೇಂಟರ್ ಕಾಕಾನ ಲಗ್ನಪತ್ರಿಕೆ

ಹೋದ ವಾರ ರಾಮತೀರ್ಥ ನಗರದ ನಮ್ಮ ಮನೆಯ ಗೇಟಿಗೆ ಬಣ್ಣ ಹೊಡೆಸುತ್ತಿದ್ದೆ. ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿದದ್ದೇ ತಡ, ಪೇಂಟರ್ ಕಾಕಾ ನೆನಪಾದರು...

ಎರಡು ಸಾವಿರದ ಇಸವಿಯ ಆಸುಪಾಸು. ಆಟೋ ನಗರದಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ, ಸ್ಟಿಕ್ಕರ್ ಮಾಡಿಕೊಡುವ ಅಂಗಡಿ ತೆಗೆದಿದ್ದೆ. ಬಾಜೂಕೆ ಕಾಕಾನ ಶೆಡ್ಡು. ಲಾರಿಗಳ ಹಿಂದೆ, ಐಸ್‌ಕ್ರೀಮ್ ಗಾಡಿಗಳ ಮೇಲೆ, ಸಲೂನಿನ ಗಾಜಿನ ಮೇಲೆ ಅವರು ಬ್ರಶ್ಶಿನಲ್ಲಿ ಬರೆದ ಅಕ್ಷರಗಳು ತುಸು ಮುಂದಕ್ಕೆ ಬಾಗಿ, ಹೊಟ್ಟೆಯಲ್ಲಿ ದಪ್ಪಗೆ, ಬಾಲದಲ್ಲಿ ಸಣ್ಣಗೆ, ಒಂದರ ಕೈ ಇನ್ನೊಂದು ಹಿಡಿದು ಸಂತೆಗೆ ಹೊರಟಂತೆ ಇರುತ್ತಿದ್ದವು. ನನ್ನ ಕಂಪ್ಯೂಟರಿನಲ್ಲೂ ಅಂಥದೇ ಒಂದು ಅಕ್ಷರಶೈಲಿ ಇತ್ತು. ಗಿರಾಕಿಗಳು ಅದನ್ನೇ ಕೇಳುತ್ತಿದ್ದರು. ಕಾಕಾ ಪರದೆಗೆ ಮುಖ ಹಚ್ಚಿ ನೋಡಿ ನಗುತ್ತಿದ್ದರು.

"ಚಂದ ಐತಿ ಖರೇ ಅಕ್ಕಾರ. ಆದ್ರ ಎಲ್ಲಾ 'ರ'ನೂ ಅವಳಿ ಮಕ್ಕಳಿದ್ದಂಗ ಅದಾವಲ್ರಿ!"

ಐವತ್ತು ದಾಟಿದ್ದರೂ ಕಾಕಾನ ಲಗ್ನವಾಗಿರಲಿಲ್ಲ. ಕೇಳಿದರೆ, "ಬೋರ್ಡ್ ಬರಿಯೂದ್ರಾಗ ಮರ್ತ ಹೋತ್ರಿ" ಅನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಖಾನಾಪುರದ ಬಳೆ ಅಂಗಡಿಯೊಂದರ ಬೋರ್ಡು ಬರೆಯುವ ಕೆಲಸ ಸಿಕ್ಕಿತು. ಅಂಗಡಿಯಾಕೆ ಗಂಡನನ್ನು ಕಳೆದುಕೊಂಡು, ಒಬ್ಬರೇ ವ್ಯಾಪಾರ ನಡೆಸಿಕೊಂಡು ಬಂದವರು. ಕನ್ನಡ, ಮರಾಠಿ ಎರಡರಲ್ಲೂ ಬರೆಯಬೇಕಿತ್ತು. ಒಂದೊಪ್ಪತ್ತಿನ ಕೆಲಸ. ಕಾಕಾ ಮಾತ್ರ ಮರುದಿನವೂ ಬಸ್ ಹತ್ತಿದರು, ಮರುವಾರವೂ. ಒಮ್ಮೆ 'ಬ'ದ ಹೊಟ್ಟೆ ಸರಿ ಬಂದಿಲ್ಲ, ಇನ್ನೊಮ್ಮೆ 'ಳ'ದ ಬಾಲ ಉದ್ದವಾಗಿದೆ... ಮೈಮೇಲೆ ಹೊಸ ಅಂಗಿ ಬೇರೆ!

ಕಣಕುಂಬಿಯ ಗಿರಾಕಿಗೆ ಪತ್ರಿಕೆ ಮುಟ್ಟಿಸಿ ಬರುವಾಗ ನಾನೂ ಒಮ್ಮೆ ಖಾನಾಪುರದಲ್ಲಿ ಇಳಿದೆ. ಕಾಕಾ ಏಣಿಯ ಮೇಲಿದ್ದರು. ಕೆಳಗೆ ಅಂಗಡಿಯಾಕೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ಕಾಯ ಹೋ, ಏನ್ರಿ ಪೇಂಟರ್, ಆ ಬೋರ್ಡಿಗೆ ಇನ್ನೂ ಎಷ್ಟ ಬಣ್ಣ ಬಳೀತೀರಿ? ಹೇಳೂದೇನರ ಇದ್ರ ಕೆಳಗ ಇಳದ ಬಂದ ಹೇಳ್ರಿ!"

ಕಾಕಾನ ಕೈಯಿಂದ ಬ್ರಶ್ಶು ಜಾರಿ ಬಿತ್ತು. ಇಳಿದು ಬಂದು, ಏಣಿ ಹಿಡಿದುಕೊಂಡೇ ಏನೋ ಅಂದರು. ನನಗೆ ಕೇಳಿಸಲಿಲ್ಲ. ಆಕೆ ನಕ್ಕದ್ದು ಮಾತ್ರ ಬೀದಿಗೆಲ್ಲ ಕೇಳಿಸಿತು.

ಲಗ್ನ ನಿಶ್ಚಯವಾಯಿತು. ಲಗ್ನಪತ್ರಿಕೆಯನ್ನು ಕಾಕಾ ತಾವೇ ಬರೆಯುತ್ತಾರೆಂದು ನಾನು ಕಾಗದ, ಮಸಿ ತೆಗೆದಿಟ್ಟೆ. ಕುಂತರು, ಎದ್ದರು, ಮತ್ತೆ ಕುಂತರು. ತಮ್ಮ ಹೆಸರಿನ ಪಕ್ಕ ಆಕೆಯ ಹೆಸರು ಬರೆಯಲು ಹೋದರೆ ಗೆರೆಯೆಲ್ಲ ಸೊಟ್ಟ. ಹಾಳೆಯ ಮೇಲೆ ಹಾಳೆ ಕೆಟ್ಟವು.

"ಆಗಂಗಿಲ್ರಿ ಅಕ್ಕಾರ... ನಿಮ್ಮ ಅವಳಿ ಮಕ್ಕಳನ್ನ ಕರೀರಿ!"

ಹೀಗೆ ಊರಿಗೆಲ್ಲ ಅಕ್ಷರ ಬರೆದುಕೊಟ್ಟವರ ಲಗ್ನಪತ್ರಿಕೆ ಕಂಪ್ಯೂಟರ್ ಅಕ್ಷರದಲ್ಲಿ ಅಚ್ಚಾಯಿತು.

ಲಗ್ನವಾದ ಮೇಲೆ ಕಾಕಾ ಖಾನಾಪುರದಲ್ಲೇ ನೆಲೆಸಿದರು. ಫ್ಲೆಕ್ಸ್ ಬಂದು ಬೋರ್ಡಿನ ಕೆಲಸ ಕಡಿಮೆಯಾದಾಗ, ಅಂಗಡಿಯಲ್ಲಿ ಕೂತು ಹೆಣ್ಣುಮಕ್ಕಳಿಗೆ ಬಳೆ ತೊಡಿಸಲು ಕಲಿತರು. "ಬ್ರಶ್ ಹಿಡದ ಕೈರಿ, ಒಂದೂ ಒಡಿಯಾಂಗಿಲ್ಲ" ಎಂದು ಜಂಬ.

ಹೋದ ವರ್ಷ ಅವರು ತೀರಿಕೊಂಡರು. ಎಲ್ಲಾದರೂ ಒಂದು ಒಳ್ಳೆಯ ಅಕ್ಷರ ಕಂಡರೆ ಕಾಕಾನಿಗೆ ತೋರಿಸೋಣವೆಂದು ಈಗಲೂ ಎದ್ದು ನಿಲ್ಲುತ್ತೇನೆ... ಮತ್ತೆ ಕೂಡುತ್ತೇನೆ. ಮೊನ್ನೆ ಖಾನಾಪುರಕ್ಕೆ ಹೋಗಿ ಆಕೆಯನ್ನು ಮಾತಾಡಿಸಿದೆ. ನಾನು ಕಣ್ಣೊರೆಸಿಕೊಂಡದ್ದು ನೋಡಿ ಆಕೆಯೇ ಕೈ ಹಿಡಿದುಕೊಂಡರು.

"ಅಳಬ್ಯಾಡ್ರಿ. ಬಾಳ ನಗಿಸಿ ಹೋಗ್ಯಾರ ಅವರು."

ಹಾಗೆಂದವರ ಕಣ್ಣೂ ತುಂಬಿತ್ತು.